ಚಾಲಕನ ಅಜಾಗರೂಕತೆಯಿಂದ

ಗ್ಯಾರೇಜಿನಲ್ಲಿ ಅವನನ್ನು ಎಲ್ಲರೂ ದಾರದಣ್ಣ ಎಂದೇ ಕರೆಯುತ್ತಿದ್ದರು. ಚಕ್ರ ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು ಹೇಳುವ ಯಂತ್ರಗಳು ಇನ್ನೂ ಬಂದಿರದ ಕಾಲದಲ್ಲಿ, ಗಾಡಿಯ ಎರಡೂ ಮಗ್ಗುಲಿಗೆ ದಾರ ಬಿಗಿದು, ಒಂದು ಕಣ್ಣು ಮುಚ್ಚಿ, ಉಕ್ಕಿನ ಸ್ಕೇಲು ಹಿಡಿದು ಕೂದಲೆಳೆಯ ವ್ಯತ್ಯಾಸವನ್ನೂ ಹೇಳುತ್ತಿದ್ದವನು ಅವನು. ಆಮೇಲೆ ಯಂತ್ರ ಬಂತು. ನಾಲ್ಕು ಚಕ್ರಕ್ಕೂ ಫಲಕ ಸಿಕ್ಕಿಸಿದರೆ ಪರದೆಯ ಮೇಲೆ ಅಂಕಿಗಳು ತಾವಾಗಿ ಮೂಡತೊಡಗಿದವು. ದಾರ ಮೂಲೆ ಸೇರಿತು, ಹೆಸರು ಮಾತ್ರ ಉಳಿಯಿತು.

ಗ್ಯಾರೇಜು ಅವನ ಮಾವನದು. ಮಾವ ಹೋದ ಮೇಲೆ ಅದು ಬಾಮೈದನ ಕೈಗೆ ಬಂತು. ಅದರಲ್ಲಿ ತಪ್ಪೇನಿರಲಿಲ್ಲ, ಮಗನಿರುವಾಗ ಅಳಿಯನಿಗೆ ಯಾರು ಬಿಟ್ಟುಹೋಗುತ್ತಾರೆ? ಆದರೆ ಆ ಬಾಮೈದನಿಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದ್ದೇ ದಾರದಣ್ಣ. ಈಗ ಅವನು ಎರಡು ವರ್ಷದ ಕೋರ್ಸು ಮುಗಿಸಿ, ಗಾಡಿಯ ಕಂಪ್ಯೂಟರಿಗೆ ಜೋಡಿಸಿ ದೋಷ ಓದುವ ಸ್ಕ್ಯಾನರನ್ನು ಟ್ಯಾಬಿನ ಜೊತೆ ಇಟ್ಟುಕೊಂಡು ಗಾಜಿನ ಕೋಣೆಯಲ್ಲಿ ಕೂರುತ್ತಿದ್ದ. ಬಂದ ಗಿರಾಕಿಗಳು ಮೊದಲು ಆ ಕೋಣೆಗೇ ಹೋಗುತ್ತಿದ್ದರು. ದಾರದಣ್ಣನ ಬಳಿಗೆ ಬರುತ್ತಿದ್ದುದು ಟೈರು ಸವೆದ ಗಾಡಿಗಳು ಮಾತ್ರ. ಅವನು ಬಾಯಿ ಬಿಟ್ಟು ಏನೂ ಅನ್ನುತ್ತಿರಲಿಲ್ಲ. ಬಾಯಿ ಬಿಡದವನ ಹೊಟ್ಟೆಯಲ್ಲಿ ಎಷ್ಟು ಸೇರಿಕೊಂಡಿರುತ್ತದೆ ಎನ್ನುವುದು ಅವನಿಗೇ ಗೊತ್ತಿರುವುದಿಲ್ಲ.

ಅಂಥ ದಿನಗಳಲ್ಲೊಂದು ಮಂಗಳವಾರ ಅವನ ಬೀಗ ಒಂದು ದೊಡ್ಡ ಕಪ್ಪು ಕಾರನ್ನು ಗ್ಯಾರೇಜಿಗೆ ತಂದ. ಬೀಗ ಎಂದರೆ ಬರೀ ಬೀಗನಲ್ಲ, ಮೂವತ್ತು ವರ್ಷದ ಗೆಳೆಯ. ಮಗಳನ್ನು ಗೆಳೆಯನ ಮಗನಿಗೇ ಕೊಟ್ಟದ್ದರಿಂದ ಬೀಗನಾದ, ಅಷ್ಟೆ. ಸಂಬಂಧ ಬೆಳೆಸಿದ ಮೇಲೆ ಬಹುವಚನ ಹಾಕಬೇಕೆಂದು ಇಬ್ಬರ ಹೆಂಡಂದಿರೂ ಹೇಳಿ ಹೇಳಿ ಸೋತಿದ್ದರು. "ಏನೋ ಬೀಗಾ" ಎಂದು ಇವನು, "ಏನಯ್ಯಾ ದಾರ" ಎಂದು ಅವನು. ಅವನು ಒಬ್ಬ ಬಿಲ್ಡರ್ ಯಜಮಾನರ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಡ್ರೈವರು. ಯಜಮಾನರ ಮಕ್ಕಳನ್ನು ಶಾಲೆಗೆ ಬಿಟ್ಟವನು, ಯಜಮಾನರ ತಾಯಿಯನ್ನು ಆಸ್ಪತ್ರೆಯಿಂದ ಕೊನೆಯ ಸಲ ಮನೆಗೆ ತಂದವನು.

"ಮೀಟರಲ್ಲಿ ಹಳದಿ ದೀಪ ಬರ್ತಿದೆ ಕಣಯ್ಯಾ. ಸಸ್ಪೆನ್ಷನ್ ದೋಷ, ನಿಧಾನ ಓಡಿಸಿ ಅಂತಿದೆ," ಎಂದ ಬೀಗ.

ಕಾರು ಒಳಗೆ ಬರುವಾಗಲೇ ದಾರದಣ್ಣನ ಕಣ್ಣಿಗೆ ಒಂದು ವಿಷಯ ಬಿದ್ದಿತ್ತು. ಗಾಡಿ ನೆಟ್ಟಗೆ ಬರುತ್ತಿತ್ತು, ಸ್ಟೇರಿಂಗ್ ಮಾತ್ರ ಒಂದು ಬೆರಳಷ್ಟು ಬಲಕ್ಕೆ ತಿರುಗಿತ್ತು. ಅವನು ಗಾಜಿನ ಕೋಣೆಗೆ ಹೋಗಿ ಹೇಳಿದ: "ಮೊದಲು ನಾನು ಅಲೈನ್‌ಮೆಂಟ್ ನೋಡ್ಬಿಡ್ತೀನಿ. ಮುಂದಿನ ಎಡಗಡೆ ಚಕ್ರ ಯಾಕೋ ಸರಿಯಿಲ್ಲ."

ಬಾಮೈದ ಟ್ಯಾಬಿನಿಂದ ತಲೆ ಎತ್ತಲಿಲ್ಲ. "ಭಾವ, ಇದು ಗಾಳಿ ಸಸ್ಪೆನ್ಷನ್ ಗಾಡಿ. ಕಂಪ್ಯೂಟರೇ ಹೇಳ್ತಿದೆ, ಎಡಗಡೆ ಎತ್ತರದ ಸೆನ್ಸರ್ ಹೋಗಿದೆ ಅಂತ. ದಾರ ಕಟ್ಟಿ ನೋಡೋ ಗಾಡಿ ಅಲ್ಲ ಇದು." ಕೋಣೆಯಲ್ಲಿ ಕೂತಿದ್ದ ಇಬ್ಬರು ಗಿರಾಕಿಗಳು ನಕ್ಕರು.

ದಾರದಣ್ಣ ಹೊರಗೆ ಬಂದ. ಇನ್ನೊಂದು ಮಾತು ಆಡಬಹುದಿತ್ತು, ಆಡಲಿಲ್ಲ.

ಸೆನ್ಸರ್ ಬದಲಾಯಿತು. ದೀಪ ಆರಿತು. ಶುಕ್ರವಾರ ಬೀಗ ಮತ್ತೆ ಬಂದ. ನಲವತ್ತು ಕಿಲೋಮೀಟರ್ ಓಡಿದ ಮೇಲೆ ದೀಪ ಮತ್ತೆ ಹತ್ತಿತ್ತು. ಈ ಸಲ ಬಾಮೈದ ಗಾಡಿಯ ಭಾರ ಹೊರುವ ಎಡಗಡೆಯ ಗಾಳಿಚೀಲವನ್ನೇ ಬದಲಾಯಿಸಿದ. ಮುಂದಿನ ವಾರ ಕಾರು ಮೂರನೆಯ ಸಲ ಬಂದಾಗ, ಗಾಳಿ ತುಂಬುವ ಕಂಪ್ರೆಸರೇ ಓಡಿ ಓಡಿ ಸುಟ್ಟುಹೋಗಿತ್ತು. ಅದನ್ನೂ ಬದಲಾಯಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ನಡೆಯಿತು ವೈದ್ಯ. ದಾರದಣ್ಣ ತನ್ನ ಮೂಲೆಯಲ್ಲಿ ಕೈ ಕಟ್ಟಿಕೊಂಡು ನೋಡುತ್ತಿದ್ದ. ಹೇಳಬೇಕು ಎನ್ನಿಸುತ್ತಿತ್ತು, ಆದರೆ ಇನ್ನೊಂದು ಭಾಗ ಹಾಳಾಗಲಿ, ಇನ್ನೊಂದು ಸಲ ಬಾಮೈದನ ಮುಖ ಸಣ್ಣದಾಗಲಿ ಎಂಬ ಆಸೆ ಅದಕ್ಕಿಂತ ರುಚಿಯಾಗಿತ್ತು. ಬೀಗ ಬಂದಾಗಲೆಲ್ಲ ಏನೋ ಹೇಳಲು ಹತ್ತಿರ ಬರುತ್ತಿದ್ದ. ಇವನು ಗಾಜಿನ ಕೋಣೆಯ ಕಡೆ ಕಣ್ಣು ಹೊಡೆದು, "ನೋಡ್ತಾ ಇರು, ಮಜಾ ಇದೆ," ಎನ್ನುತ್ತಿದ್ದ. ಬೀಗ ಸುಮ್ಮನೆ ಹಿಂದಕ್ಕೆ ಹೋಗುತ್ತಿದ್ದ.

ನಾಲ್ಕನೆಯ ಸಲ ಯಜಮಾನರೇ ಕಾರಿನಲ್ಲಿ ಬಂದರು. ಗಾಡಿಯಿಂದ ಇಳಿದವರೇ, "ಮೂರು ವಾರ ಆಯ್ತು. ನಿಮಗೆ ಗೊತ್ತಾಗುತ್ತೋ ಇಲ್ವೋ ಅಷ್ಟು ಹೇಳಿ," ಎಂದರು. ಬಾಮೈದ ಟ್ಯಾಬು ಒತ್ತುತ್ತ ಬೆವರಿದ. ಕಂಪನಿಯ ಹೊಸ ಸಾಫ್ಟ್‌ವೇರ್, ವೈರಿಂಗ್ ಎಂದು ಏನೇನೋ ಶುರುಮಾಡಿದ.

ಆಗ ದಾರದಣ್ಣ ಮುಂದೆ ಬಂದ. "ಅರ್ಧ ಗಂಟೆ ನನಗೆ ಕೊಡಿ ಸಾರ್."

ಕಾರನ್ನು ರ‍್ಯಾಂಪಿಗೆ ಹತ್ತಿಸಿದ. ಫಲಕಗಳನ್ನು ಸಿಕ್ಕಿಸಿದ. ಪರದೆಯ ಮೇಲೆ ಮೂರು ಚಕ್ರಗಳ ಅಂಕಿ ಹಸಿರಾಗಿ, ಮುಂದಿನ ಎಡಚಕ್ರದ್ದು ಕೆಂಪಾಗಿ ಬಂತು. ಟಾರ್ಚು ಹಿಡಿದು ಕೆಳಗೆ ಹೋಗಿ ಬೆರಳಾಡಿಸಿದ. ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್ ಬಗ್ಗಿತ್ತು. ಹೆಚ್ಚೇನಿಲ್ಲ, ಕಣ್ಣಿಗೆ ಕಾಣದಷ್ಟು, ಬೆರಳಿಗೆ ಸಿಗುವಷ್ಟು. ರಿಮ್ಮಿನ ಒಳಮಗ್ಗುಲಲ್ಲಿ ಕಲ್ಲಿನ ಬಿಳಿ ಗೀರು ಇತ್ತು.

"ಬನ್ನಿ ಸಾರ್, ನೋಡಿ," ಎಂದು ಯಜಮಾನರನ್ನು ಕೆಳಗೇ ಕರೆದ. ಗ್ಯಾರೇಜಿನ ಕೆಲಸ ನಿಂತಿತು. ಎಲ್ಲರೂ ಕೇಳುವ ಹಾಗೆ ದನಿ ಎತ್ತರಿಸಿ ಹೇಳತೊಡಗಿದ. "ಈ ಗಾಡಿ ಸ್ಪ್ರಿಂಗ್ ಮೇಲೆ ನಿಂತಿಲ್ಲ, ಗಾಳಿ ಮೇಲೆ ನಿಂತಿದೆ. ಎಷ್ಟು ಗಾಳಿ ತುಂಬಬೇಕು ಅಂತ ನೋಡ್ಕೊಳ್ಳೋದು ಕಂಪ್ಯೂಟರು. ಅದಕ್ಕೆ ಕಣ್ಣಿಲ್ಲ. ಇಲ್ಲಿರೋ ಈ ಸಣ್ಣ ಕಡ್ಡಿ ಗಾಡಿ ಎಷ್ಟು ಎತ್ತರ ಇದೆ ಅಂತ ಹೇಳುತ್ತೆ, ಅದು ನಂಬುತ್ತೆ. ಈ ಕಡ್ಡಿ ಸಿಕ್ಕಿಸಿರೋ ಆರ್ಮೇ ಬಗ್ಗಿದೆ. ಕಡ್ಡಿ ತಪ್ಪು ಹೇಳುತ್ತೆ, ಕಂಪ್ಯೂಟರ್ ಗಾಳಿ ತುಂಬುತ್ತೆ, ಬಿಡುತ್ತೆ, ತುಂಬುತ್ತೆ. ಚಕ್ರ ಸೊಟ್ಟ ಆಗಿರೋದ್ರಿಂದ ನೆಟ್ಟಗೆ ಹೋಗೋಕೂ ಸ್ಟೇರಿಂಗ್ ತಿರುಗಿಸಿ ಹಿಡೀಬೇಕು. ಗಾಡಿ ತಿರುಗ್ತಿದೆ ಅನ್ನುತ್ತೆ ಸ್ಟೇರಿಂಗು, ಇಲ್ಲ ನೆಟ್ಟಗೆ ಹೋಗ್ತಿದೆ ಅನ್ನುತ್ತೆ ಗಾಡಿ. ಯಾರ ಮಾತು ಕೇಳ್ಬೇಕು ಅದು? ತಲೆ ಕೆಟ್ಟು ದೀಪ ಹತ್ತಿಸಿಬಿಡುತ್ತೆ. ಚಕ್ರದ ತಪ್ಪಿಗೆ ಇವರು ಗಾಳಿಚೀಲಕ್ಕೆ ಶಿಕ್ಷೆ ಕೊಟ್ರು."

ಯಾರೋ ಕಿಸಕ್ಕೆಂದರು. ಬಾಮೈದನ ಮುಖ ಸುಟ್ಟ ಬದನೆಕಾಯಾಯಿತು. ದಾರದಣ್ಣನಿಗೆ ಹತ್ತು ವರ್ಷದ ಬಾಯಾರಿಕೆಗೆ ನೀರು ಸಿಕ್ಕಂತಾಗಿತ್ತು.

"ಅಂದ್ರೆ ಯಾರೋ ಗುದ್ದಿದ್ದಾರೆ ಅಂತೀರಾ?" ಯಜಮಾನರು ಕೇಳಿದರು.

ಕಂಬದ ಪಕ್ಕ ನಿಂತಿದ್ದ ಬೀಗ ಕೆಮ್ಮಿದ. "ಸಾಕು ಬಿಡಯ್ಯಾ, ಏನು ರಿಪೇರಿಯೋ ಅದನ್ನ ಮಾಡು," ಎಂದ.

ದಾರದಣ್ಣ ಅತ್ತ ನೋಡಲೂ ಇಲ್ಲ. "ಗುದ್ದಿದ್ದಾರೆ ಅಂತ ಯಾಕೆ ಕೇಳ್ತೀರಿ ಸಾರ್, ಗೀರು ಕಾಣ್ತಿಲ್ವಾ? ಫುಟ್‌ಪಾತ್ ಕಲ್ಲಿಗೆ ಒಳ್ಳೆ ಸ್ಪೀಡಲ್ಲಿ ಹೊಡೆದಿದ್ದಾರೆ. ಹೊಡೆದು ಮುಚ್ಚಿಟ್ಟಿದ್ದಾರೆ. ಓಡಿಸೋರನ್ನೇ ಕೇಳಿ!"

ಆ ಮಾತು ಹೇಳುವಾಗ ಅವನ ಮನಸ್ಸಿನಲ್ಲಿ ಯಾರ ಮುಖವೂ ಇರಲಿಲ್ಲ. ಇದ್ದದ್ದು ಬಾಮೈದನ ಮುಖ ಒಂದೇ.

ಯಜಮಾನರು ಆಶ್ಚರ್ಯಪಡಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಇದನ್ನ ಬರೆದುಕೊಡ್ತೀರಾ? ಇನ್ಶೂರೆನ್ಸ್‌ಗೆ ಬೇಕಾಗುತ್ತೆ," ಎಂದರು. ಗ್ಯಾರೇಜಿನ ಹಾಳೆಯಲ್ಲಿ ದಾರದಣ್ಣ ತನ್ನ ಕೈಯಾರೆ ಬರೆದ. ಅಳತೆಗಳನ್ನೆಲ್ಲ ಬರೆದು, ಕಾರಣ ಎಂದಿದ್ದಲ್ಲಿ ತಡೆದಾಗ ಯಜಮಾನರೇ ಹೇಳಿಕೊಟ್ಟರು: "ಚಾಲಕನ ಅಜಾಗರೂಕತೆಯಿಂದ." ಅವನು ಹಾಗೆಯೇ ಬರೆದು ದೊಡ್ಡದಾಗಿ ಸಹಿ ಮಾಡಿದ. ಅವನ ಸಹಿ ಕೇಳಿದ ಗಿರಾಕಿಯನ್ನು ಅವನು ಕಂಡು ಬಹಳ ಕಾಲವಾಗಿತ್ತು.

ಎರಡು ದಿನದಲ್ಲಿ ಹೊಸ ಆರ್ಮ್ ಹಾಕಿ, ಚಕ್ರ ನೆಟ್ಟಗೆ ಮಾಡಿದ. ಸ್ಟೇರಿಂಗಿನ ಸೊನ್ನೆಯನ್ನೂ ಗಾಡಿಯ ಎತ್ತರವನ್ನೂ ಕಂಪ್ಯೂಟರಿಗೆ ಹೊಸದಾಗಿ ಹೇಳಿಕೊಡುವ ಕೆಲಸ ಬಾಮೈದ ಮಾಡಿದ. ದೀಪ ಮತ್ತೆ ಹತ್ತಲಿಲ್ಲ. ಸಂಜೆ ಬಾಮೈದ ಎದುರಿಗೆ ಬಂದು, "ನೀವು ಹೇಳಿದ್ದೇ ಸರಿ ಭಾವ," ಎಂದ. ಮನೆಯಲ್ಲಿ ದಾರದಣ್ಣ ಆ ಮಾತನ್ನು ಹೆಂಡತಿಗೆ ಎರಡು ಸಲ ಹೇಳಿ, ಎರಡು ಸಲ ಬಡಿಸಿಕೊಂಡು ಉಂಡ.

ನಾಲ್ಕನೆಯ ದಿನ ಮಗಳು ಬಂದಳು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು. "ಅಪ್ಪ, ಮಾವನ್ನ ಕೆಲಸದಿಂದ ತೆಗೆದ್ರು. ನೀನು ಬರೆದುಕೊಟ್ಟೆಯಂತೆ?"

ದಾರದಣ್ಣ ಅದೇ ಅಂಗಿಯಲ್ಲಿ ಬೀಗನ ಮನೆಗೆ ಹೋದ. ಬೀಗ ಹೊರಗಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದ. ಇವನನ್ನು ಕಂಡು ಎದ್ದು ನಿಂತ.

"ಬನ್ನಿ ಬೀಗರೇ. ಕೂತ್ಕೊಳ್ಳಿ."

"ಇದೇನೋ ಹೊಸದಾಗಿ, ಬನ್ನಿ ಗಿನ್ನಿ ಅಂತ?"

"ನೀರು ತಗೋತೀರಾ?"

ದಾರದಣ್ಣ ಕೂತ. ಕುರ್ಚಿಯ ತುದಿಯಲ್ಲಿ, ಹೊಸಬರ ಮನೆಯಲ್ಲಿ ಕೂರುವಂತೆ. "ಯಾರು ಗುದ್ದಿದ್ದು ಅಂತ ನನಗೇನೋ ಗೊತ್ತು? ನಾನು ಸುಮ್ನೆ ಓಡಿಸೋರು ಅಂದೆ. ನೀನು ಅಂತ ಅಂದ್ನಾ?"

"ಯಜಮಾನರ ಮಗ," ಎಂದ ಬೀಗ. ದನಿಯಲ್ಲಿ ಏರಿಳಿತವಿರಲಿಲ್ಲ. "ಹತ್ತೊಂಬತ್ತು ವರ್ಷ, ಲೈಸೆನ್ಸ್ ಇಲ್ಲ. ಭಾನುವಾರ ನನಗೆ ರಜ, ಬೀಗದ ಕೈ ತಗೊಂಡು ಹೋಗಿದ್ದಾನೆ. ಸೋಮವಾರ ಗಾಡಿ ತೆಗೆದ ತಕ್ಷಣ ನನಗೆ ಗೊತ್ತಾಯ್ತು. ಯಜಮಾನರು, ಗಲಾಟೆ ಬೇಡ, ಸದ್ದಿಲ್ಲದ ಹಾಗೆ ರಿಪೇರಿ ಮಾಡ್ಸು ಅಂದ್ರು. ದೊಡ್ಡ ಶೋರೂಮ್ ಬಿಟ್ಟು ನಿಮ್ಮ ಗ್ಯಾರೇಜಿಗೆ ಯಾಕೆ ತಂದೆ? ನೀವಿದ್ದೀರಿ, ಒಳಗೊಳಗೇ ನೋಡಿ ಮುಗಿಸ್ತೀರಿ ಅಂತ."

"ಒಂದು ಮಾತು ಹೇಳ್ಬಾರ್ದಿತ್ತೇನೋ ನನಗೆ!"

"ಮೂರು ಸಲ ಬಂದೆ. ಮೂರು ಸಲಾನೂ ನೀವು ಮೂಲೇಲಿ ನಿಂತು ನಗ್ತಿದ್ರಿ. ನಾಲ್ಕನೇ ಸಲ ಕೆಮ್ಮಿದೆ. ಕೇಳಿಸ್ಲಿಲ್ಲ ನಿಮಗೆ."

ಒಳಗೆ ಪಾತ್ರೆಯ ಸದ್ದು ನಿಂತಿತು. ಬೀಗಿತ್ತಿ ಕೇಳಿಸಿಕೊಳ್ಳುತ್ತಿದ್ದಳು. ಬೀಗ ಮುಂದುವರಿಸಿದ. "ಅಷ್ಟೆಲ್ಲ ಭಾಗ ಹಾಕಿದ ಮೇಲೆ ಇನ್ಶೂರೆನ್ಸ್ ಕೇಳ್ಬೇಕು ಅನ್ನಿಸ್ತು ಅವರಿಗೆ. ಅದಕ್ಕೆ ಲೈಸೆನ್ಸ್ ಇರೋ ಒಬ್ಬ ಗುದ್ದಿರಬೇಕು. ನಾನೇ ಗುದ್ದಿದ್ದು ಅಂತ ಸಹಿ ಹಾಕು ಅಂದ್ರು. ಹಾಕಿದ್ರೆ ಕೆಲಸ ಉಳೀತಿತ್ತು. ಮೂವತ್ತೈದು ವರ್ಷದಲ್ಲಿ ಒಂದು ಗಾಡಿಗೆ ಒಂದು ಗೀರು ಬಿದ್ದಿಲ್ಲ ನನ್ನ ಕೈಯಲ್ಲಿ. ಆಗಲ್ಲ ಅಂದೆ. ನಿನ್ನ ಸಹಿ ಯಾಕೆ, ನಿನ್ನ ಬೀಗನ ಸಹಿನೇ ಇದೆ ಅಂತ ನಿಮ್ಮ ಹಾಳೆ ತೋರಿಸಿದ್ರು. ಅಜಾಗರೂಕತೆ ಅಂತ ಬರೆದಿದ್ರಿ. ಅಕ್ಷರ ಚೆನ್ನಾಗಿತ್ತು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ದಾರದಣ್ಣ ಆಡಿದ್ದಷ್ಟೇ ಅಲ್ಲ, ಬರೆದೂ ಕೊಟ್ಟಿದ್ದ.

ಬೀಗನ ಮನೆಯಿಂದ ಹಿಂತಿರುಗುವ ದಾರಿಯಲ್ಲಿ ಅವನಿಗೆ ಒಂದು ವಿಷಯ ಹೊಳೆಯಿತು. ಗಾಡಿಯ ಕಂಪ್ಯೂಟರು ದೋಷ ಮೊದಲು ಕಂಡ ದಿನ, ಗಂಟೆ, ಕಿಲೋಮೀಟರನ್ನು ಬರೆದಿಟ್ಟುಕೊಂಡಿರುತ್ತದೆ. ಬಾಮೈದ ಮೊದಲ ದಿನ ಓದಿದ್ದೆಲ್ಲ ಟ್ಯಾಬಿನಲ್ಲಿರಬೇಕು. ನೇರ ಗ್ಯಾರೇಜಿಗೆ ಹೋದ. ಬಾಮೈದ ಹುಡುಕಿ ತೋರಿಸಿದ. ಇತ್ತು. ಭಾನುವಾರ, ಸಂಜೆ ನಾಲ್ಕು ಇಪ್ಪತ್ತು.

ಆ ಭಾನುವಾರ ಮಗಳು ಅಳಿಯ ಬಾಡಿಗೆ ಮನೆ ಬದಲಾಯಿಸಿದ್ದರು. ನಾಲ್ಕು ಇಪ್ಪತ್ತಕ್ಕೆ ದಾರದಣ್ಣ ಮತ್ತು ಬೀಗ ಇಬ್ಬರೂ ಮೂರನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಕಬ್ಬಿಣದ ಬೀರುವನ್ನು ಸಿಕ್ಕಿಸಿಕೊಂಡು, ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ, ಒಬ್ಬರನ್ನೊಬ್ಬರು ಬೈಯುತ್ತ ನಗುತ್ತ ನಿಂತಿದ್ದರು. ಬೀಗನ ಹೆಬ್ಬೆರಳು ಜಜ್ಜಿತ್ತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

"ಇದನ್ನ ಪ್ರಿಂಟ್ ಹಾಕಿಕೊಡು," ಎಂದ.

"ಇಂಕ್ ಖಾಲಿ ಆಗಿದೆ ಭಾವ. ನಾಳೆ ಕೊಡ್ತೀನಿ."

ಮರುದಿನ ಬೆಳಿಗ್ಗೆ ಕೇಳಿದರೆ ಬಾಮೈದ ಟ್ಯಾಬನ್ನು ಒರೆಸುತ್ತ ಹೇಳಿದ: "ರಾತ್ರಿ ಅಪ್‌ಡೇಟ್ ಆಯ್ತು. ಹಳೇದೆಲ್ಲ ಹೋಯ್ತು."

"ನನ್ನ ಮುಖ ನೋಡಿ ಹೇಳು."

ಬಾಮೈದ ಮುಖ ನೋಡಿದ, ದಾರದಣ್ಣನಿಗೆ ಕಷ್ಟವಾದದ್ದು ಅದೇ. "ಆ ಯಜಮಾನರದ್ದು ಹನ್ನೆರಡು ಗಾಡಿ ಇದೆ ಭಾವ. ಎಲ್ಲ ಇಲ್ಲಿಗೇ ಕಳಿಸ್ತೀನಿ ಅಂದಿದ್ದಾರೆ, ನಿಮ್ಮ ಕೆಲಸ ನೋಡಿಯೇ. ಇಲ್ಲಿ ಎಂಟು ಜನ ಊಟ ಮಾಡ್ತಾರೆ. ನೀವು ಎಲ್ಲರ ಮುಂದೆ ನನ್ನ ಮಾನ ತೆಗೆದ್ರಿ, ನಾನು ಏನಾದ್ರೂ ಅಂದ್ನಾ? ಈಗ ನೀವೂ ಸುಮ್ಮನಿರಿ."

ಸುಮ್ಮನಿರಲಿಲ್ಲ ಅವನು. ಯಜಮಾನರ ಆಫೀಸಿಗೆ ಹೋಗಿ ಒಂದೂವರೆ ಗಂಟೆ ಕಾದ. ಒಳಗೆ ಬಿಟ್ಟಾಗ ಅವರು ಕಟ್ಟಡದ ನಕ್ಷೆ ಹರಡಿಕೊಂಡು ಕೂತಿದ್ದರು.

"ಸಾರ್, ಅದು ಭಾನುವಾರ ಆಗಿದ್ದು. ಅವತ್ತು ಅವನು ನನ್ನ ಜೊತೆಗಿದ್ದ."

"ಭಾನುವಾರ ಅಂತ ನನಗೆ ಗೊತ್ತಿಲ್ವೇನ್ರೀ?" ಯಜಮಾನರಿಗೆ ಸಿಟ್ಟು ಬಂದಿರಲಿಲ್ಲ, ದಣಿವಷ್ಟೇ ಇತ್ತು. "ನೀವು ಬರೆದಿದ್ರಲ್ಲಿ ಸುಳ್ಳೇನಿದೆ? ಚಾಲಕ ಅಂದ್ರೆ ಓಡಿಸಿದವನು. ಓಡಿಸಿದವನ ಅಜಾಗರೂಕತೆ. ಸರಿಯಾಗೇ ಬರೆದಿದ್ದೀರಿ." ಮತ್ತೆ ನಕ್ಷೆಯ ಕಡೆ ತಿರುಗಿದರು. "ನಿಮ್ಮ ಬೀಗರಿಗೆ ಹೇಳಿ, ಹಟ ಮಾಡದೆ ಇದ್ದಿದ್ರೆ ನಾನು ಕೈ ಬಿಡ್ತಿರಲಿಲ್ಲ. ನನ್ನ ತಾಯಿಗೆ ಅವನು ಮಗನಿಗಿಂತ ಹೆಚ್ಚಾಗಿದ್ದ."

ಇನ್ಶೂರೆನ್ಸ್ ಆಫೀಸಿಗೂ ಹೋದ. ಹೊಸ ಹಾಳೆಯಲ್ಲಿ ಹೊಸದಾಗಿ ಬರೆದುಕೊಂಡಿದ್ದ. ಅಲ್ಲಿನ ಅಧಿಕಾರಿಣಿ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. "ಇದೂ ನಿಮ್ಮ ಸಹಿ, ಅದೂ ನಿಮ್ಮ ಸಹಿ. ಯಾವುದನ್ನ ನಂಬ್ಲಿ?"

"ಎರಡನೇದು ಮೇಡಂ. ಅವತ್ತು ಅವನು ನನ್ನ ಜೊತೆ ಬೀರು ಹೊರ್ತಿದ್ದ."

"ಅವರು ನಿಮಗೇನಾಗ್ಬೇಕು?"

"ಬೀಗ."

ಆಕೆ ಎರಡೂ ಹಾಳೆ ಒಟ್ಟಿಗೆ ಕ್ಲಿಪ್ ಹಾಕಿ, ಒಂದು ಟ್ರೇಯಲ್ಲಿ ಇಟ್ಟಳು. ಆ ಟ್ರೇಯಲ್ಲಿ ಮೊದಲೇ ಬೇಕಾದಷ್ಟು ಕಾಗದಗಳಿದ್ದವು.

ಆ ವರ್ಷ ಗ್ಯಾರೇಜಿಗೆ ಒಳ್ಳೆಯ ಹೆಸರು ಬಂತು. ಬಾಮೈದ ಬಾಗಿಲಲ್ಲಿ ದೊಡ್ಡ ಬೋರ್ಡು ಹಾಕಿಸಿದ: ಸಸ್ಪೆನ್ಷನ್ ದೀಪ ಹತ್ತಿದೆಯೇ? ಮೊದಲು ಅಲೈನ್‌ಮೆಂಟ್ ನೋಡಿಸಿ. ಗಾಳಿ ಸಸ್ಪೆನ್ಷನ್ನಿನ ಗಾಡಿಗಳು ದೂರದಿಂದ ಬರತೊಡಗಿದವು, ಬಂದವರು ಗಾಜಿನ ಕೋಣೆಗೆ ಹೋಗದೆ ನೇರ ದಾರದಣ್ಣನ ಮೂಲೆಗೇ ಬಂದರು. ಬಾಮೈದ ಅವನಿಗೆ ಹೊಸ ಯಂತ್ರ ತರಿಸಿಕೊಟ್ಟ. ಗಿರಾಕಿಗಳು ಆರ್ಮ್ ಬಗ್ಗಿದ್ದು ಹೇಗೆ ಎಂದು ಕೇಳಿದರೆ ಅವನು, "ರಸ್ತೆ ಸರಿಯಿಲ್ಲ ಸಾರ್," ಎನ್ನುತ್ತಿದ್ದ. ಗೀರು ಕಣ್ಣಿಗೆ ಹೊಡೆದು ಕಾಣುತ್ತಿದ್ದಾಗಲೂ ಅಷ್ಟೇ ಹೇಳುತ್ತಿದ್ದ.

ಮಗಳು ಬರುವುದು ಕಡಿಮೆಯಾಯಿತು. ಜಗಳವೇನೂ ಆಗಿರಲಿಲ್ಲ. ಫೋನಿನಲ್ಲಿ ಅಮ್ಮನ ಜೊತೆ ಮಾತಾಡಿ, "ಅಪ್ಪನಿಗೆ ಹೇಳು," ಎಂದು ಇಟ್ಟುಬಿಡುತ್ತಿದ್ದಳು. ಒಮ್ಮೆ ಇವನೇ ಫೋನು ಕಸಿದುಕೊಂಡು, "ನಿಮ್ಮ ಮಾವ ಏನು ಮಾಡ್ತಿದ್ದಾನಮ್ಮಾ?" ಎಂದು ಕೇಳಿದ. "ಕೆಲಸ ಹುಡುಕ್ತಿದ್ದಾರೆ. ಹಳೆ ಯಜಮಾನರ ಹತ್ತಿರ ಕೆಲಸ ಯಾಕೆ ಬಿಟ್ರಿ ಅಂತ ಎಲ್ಲ ಕಡೆ ಕೇಳ್ತಾರಂತೆ. ಐವತ್ತೆಂಟು ವಯಸ್ಸು ಬೇರೆ," ಎಂದಳು. ಆಮೇಲೆ, "ಮನೇಲಿ ನಿನ್ನ ಹೆಸರು ಯಾರೂ ಎತ್ತಲ್ಲಪ್ಪ. ಬೈಯ್ಯೋದೂ ಇಲ್ಲ. ಬೈದಿದ್ರೆ ನನಗೆ ಬದುಕೋದು ಸುಲಭ ಆಗ್ತಿತ್ತು," ಎಂದಳು.

ಮುಂದಿನ ಬೇಸಿಗೆಯಲ್ಲಿ ಹೆಂಡತಿಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಬಾಮೈದನ ಕಾರಿನಲ್ಲಿ ಅವಳನ್ನು ಕೂರಿಸಿಕೊಂಡು ದಾರದಣ್ಣ ದೊಡ್ಡ ಆಸ್ಪತ್ರೆಗೆ ಹೋದ. ನೆಲದಡಿಯ ಪಾರ್ಕಿಂಗಿಗೆ ಇಳಿಯುವ ಇಳಿಜಾರಿನಲ್ಲಿ ಗಾಡಿಗಳು ಸಾಲುಗಟ್ಟಿದ್ದವು. ಕೆಳಗೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೀಲಿ ಅಂಗಿ ತೊಟ್ಟ ಒಬ್ಬ, ಬಾಯಲ್ಲಿ ಸೀಟಿ ಇಟ್ಟುಕೊಂಡು, ಒಂದೊಂದೇ ಗಾಡಿಗೆ ಜಾಗ ತೋರಿಸುತ್ತಿದ್ದ. ಅಂಗಿ ಅವನ ಅಳತೆಯದಾಗಿರಲಿಲ್ಲ, ಭುಜದಿಂದ ಜಾರುತ್ತಿತ್ತು.

"ಅಯ್ಯೋ, ಬೀಗರು ಕಣ್ರೀ," ಎಂದಳು ಹೆಂಡತಿ. ಮಂಜುಗಣ್ಣಿಗೂ ನಿಲುವಿನಿಂದಲೇ ಗುರುತು ಹತ್ತಿತ್ತು.

ದಾರದಣ್ಣನ ಸರದಿ ಬಂತು. ಬೀಗ ಕಾರಿನ ಮುಂದೆ ನಿಂತು ಕೈಯಾಡಿಸಿದ. "ಹಿಂದೆ ಬನ್ನಿ, ಬನ್ನಿ, ಸ್ವಲ್ಪ ಎಡಕ್ಕೆ ಹಿಡೀರಿ, ಸಾಕು." ಕಂಬಕ್ಕೂ ಕಾರಿಗೂ ನಡುವೆ ಒಂದು ಗೇಣು ಬಿಟ್ಟು ನಿಲ್ಲಿಸಿದ. ಅವನ ಲೆಕ್ಕ ಈಗಲೂ ತಪ್ಪಿರಲಿಲ್ಲ.

ದಾರದಣ್ಣ ಗಾಜು ಇಳಿಸಿದ. "ಬೀಗಾ, ನಾನು ಕಣೋ."

ಬೀಗ ಬಗ್ಗಿ ಒಳಗೆ ನೋಡಿದ. ಹಿಂದಿನ ಸೀಟಿನ ಕಡೆ ತಿರುಗಿ, "ಚೆನ್ನಾಗಿದ್ದೀರಾ ತಾಯಿ? ಕಣ್ಣಿಗೇನಾಯ್ತು?" ಎಂದು ವಿಚಾರಿಸಿದ. ಅವಳು ಏನೋ ಹೇಳಿ ಅತ್ತಳು. "ಹೆದರ್ಬೇಡಿ. ಇಲ್ಲಿ ಡಾಕ್ಟ್ರು ಒಳ್ಳೆಯವರು," ಎಂದ. ಆಮೇಲೆ ಜೇಬಿನಿಂದ ಹಳದಿ ಟೋಕನ್ ತೆಗೆದು ದಾರದಣ್ಣನ ಕೈಗಿಟ್ಟ.

"ಕಳ್ಕೋಬೇಡಿ ಸಾರ್. ಕಳೆದ್ರೆ ಗಾಡಿ ಬಿಡಲ್ಲ."

"ಸಾರ್ ಅನ್ಬೇಡ್ವೋ. ಕಾಲಿಗೆ ಬೀಳ್ತೀನಿ. ಏನಾದ್ರೂ ಬೈಯ್ಯಿ."

ಇಳಿಜಾರಿನ ಮೇಲೆ ಎರಡು ಗಾಡಿಗಳು ಒಟ್ಟಿಗೆ ಹಾರ್ನ್ ಹೊಡೆದವು. ಬೀಗ ಸೀಟಿಯನ್ನು ಮತ್ತೆ ಬಾಯಿಗಿಟ್ಟುಕೊಂಡು, ಮುಂದಿನ ಗಾಡಿಗೆ ಕೈ ತೋರಿಸುತ್ತ ಅತ್ತ ನಡೆದ.